ಓಝೋನ್ ಚಿಕಿತ್ಸೆ ಮತ್ತು ವೈರಾಣು ಶ್ವಾಸಕೋಶ ಕಾಯಿಲೆ: ರೋಗಿಗಳೂ ಸಂಬಂಧಿಕರೂ ತಿಳಿದಿರಬೇಕಾದ ವಿಷಯಗಳು

ಫ್ಲೂ, ಕೋವಿಡ್, ವೈರಾಣುವಿನಿಂದ ಬಂದ ನ್ಯುಮೋನಿಯಾ ಮುಂತಾದ ಕಾಯಿಲೆಗಳಿಂದ ದಾಖಲಾದ ರೋಗಿಗಳ ಸಂಬಂಧಿಕರು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ಸಿಸ್ಟರ್, ನಮ್ಮ ಅಪ್ಪಗ ಓಝೋನ್ ಹಾಕಿಸಿದ್ರ ಜಲ್ದಿ ಆರಾಮ ಆಗ್ತದಂತ, ಖರೇನ?" ಈ ಪ್ರಶ್ನೆಯನ್ನು ಯಾರೂ ಸುಮ್ಮನೆ ಕೇಳುವುದಿಲ್ಲ. ಮನೆಯ ಹಿರಿಯರು ಉಸಿರಿಗಾಗಿ ಒದ್ದಾಡುತ್ತಿರುವಾಗ ಇನ್ನೊಂದು ದಾರಿ ಇದ್ದರೆ ಅದನ್ನೂ ನೋಡಿಬಿಡೋಣ ಎಂದು ಅನಿಸುವುದು ಸಹಜ. ಆದ್ದರಿಂದ ಓಝೋನ್ ಎಂದರೇನು, ಅದನ್ನು ಹೇಗೆ ಕೊಡುತ್ತಾರೆ, ಅದರಿಂದ ಏನಾಗಬಹುದು, ಪರೀಕ್ಷೆಗಳು ಏನು ಹೇಳಿವೆ ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ. ದಯವಿಟ್ಟು ಪೂರ್ತಿ ಓದಿ, ಓದಲು ಬಾರದವರಿಗೆ ಓದಿ ಹೇಳಿ.

ಓಝೋನ್ ಎಂದರೇನು?

ನಾವು ಉಸಿರಾಡುವ ಆಮ್ಲಜನಕದ ಒಂದೊಂದು ಕಣದಲ್ಲಿ ಎರಡು ಪರಮಾಣುಗಳಿರುತ್ತವೆ. ಓಝೋನಿನ ಕಣದಲ್ಲಿ ಅದೇ ಆಮ್ಲಜನಕದ ಮೂರು ಪರಮಾಣುಗಳಿರುತ್ತವೆ. ಎರಡೂ ಒಂದೇ ಮನೆತನದವು, ಆದರೆ ಗುಣ ಬೇರೆ ಬೇರೆ. ಮೂರನೆಯ ಪರಮಾಣು ಅಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದು ಬೇಗ ಕಳಚಿಕೊಂಡು ಎದುರಿಗೆ ಸಿಕ್ಕ ವಸ್ತುವನ್ನು ಹಿಡಿದುಕೊಳ್ಳುತ್ತದೆ, ಅದನ್ನು ಕೆಡಿಸುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಇದೇ ಬಗೆಯ ಕ್ರಿಯೆ. ಓಝೋನ್ ಅದನ್ನು ಬಹಳ ವೇಗವಾಗಿ ಮಾಡುತ್ತದೆ.

1840ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಫ್ರೆಡ್ರಿಕ್ ಶೋನ್‌ಬೈನ್ ಈ ಅನಿಲವನ್ನು ಗುರುತಿಸಿದರು. ಗ್ರೀಕ್ ಭಾಷೆಯ 'ವಾಸನೆ' ಎಂಬರ್ಥದ ಪದದಿಂದ ಅದಕ್ಕೆ ಹೆಸರು ಬಂದಿತು. ಸಿಡಿಲು ಬಡಿದ ಮೇಲೆ, ಅಥವಾ ಝೆರಾಕ್ಸ್ ಅಂಗಡಿಯಲ್ಲಿ ಯಂತ್ರ ಬಹಳ ಹೊತ್ತು ಓಡಿದಾಗ ಮೂಗಿಗೆ ಬಡಿಯುವ ಚುರುಕು ವಾಸನೆ ಬಹುಮಟ್ಟಿಗೆ ಇದರದೇ.

ಭೂಮಿಯಿಂದ ಸುಮಾರು 15ರಿಂದ 35 ಕಿ.ಮೀ. ಎತ್ತರದಲ್ಲಿರುವ ಓಝೋನ್ ಪದರ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ನಮ್ಮನ್ನು ಕಾಪಾಡುತ್ತದೆ. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದ್ದರಿಂದ ಓಝೋನ್ ಎಂದರೆ ಒಳ್ಳೆಯದೇ ಎಂಬ ಭಾವನೆ ಮನಸ್ಸಿನಲ್ಲಿ ಕೂತಿದೆ. ಆಕಾಶದಲ್ಲಿದ್ದಾಗ ಅದು ರಕ್ಷಕ. ನೆಲದ ಮೇಲೆ, ನಾವು ಉಸಿರಾಡುವ ಗಾಳಿಯಲ್ಲಿದ್ದಾಗ ಅದು ಮಾಲಿನ್ಯ.

ಆಮ್ಲಜನಕ ಬೇರೆ, ಓಝೋನ್ ಬೇರೆ

ಈ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ವಾರ್ಡಿನಲ್ಲಿ ಮೂಗಿನ ನಳಿಕೆ ಅಥವಾ ಮಾಸ್ಕಿನ ಮೂಲಕ ಕೊಡುವುದು ಆಮ್ಲಜನಕ. ಅದು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗಿ, ರಕ್ತಕ್ಕೆ ಸೇರಿ, ದೇಹದ ಎಲ್ಲ ಅಂಗಗಳನ್ನು ಬದುಕಿಸುತ್ತದೆ. ಓಝೋನನ್ನು ಮಾತ್ರ ಉಸಿರಾಡಲೇಬಾರದು. ಈ ಚಿಕಿತ್ಸೆ ಮಾಡುವವರೂ ಇದನ್ನು ಒಪ್ಪುತ್ತಾರೆ. ಓಝೋನ್ ಶ್ವಾಸನಾಳದ ಒಳಪದರವನ್ನು ಸುಡುತ್ತದೆ. ಕೆಮ್ಮು, ಎದೆ ಉರಿ, ಎದೆ ಬಿಗಿತ ಬರುತ್ತವೆ. ಅಸ್ತಮಾ ಇದ್ದವರಿಗೆ ಅದು ಕೆರಳುತ್ತದೆ. ಪ್ರಮಾಣ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು.

ಗಾಳಿಯಲ್ಲಿ ಓಝೋನ್ ಎಷ್ಟಿರಬಹುದು ಎಂಬುದಕ್ಕೆ ಮಿತಿ ಇದೆ. ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2009ರಲ್ಲಿ ನಿಗದಿಯಾದ ಗಾಳಿಯ ಗುಣಮಟ್ಟದ ಮಿತಿಯೂ ಅಷ್ಟೇ. ಓಝೋನ್ ಚಿಕಿತ್ಸೆಗೆ ಬಳಸುವ ಅನಿಲದಲ್ಲಿ ಒಂದು ಮಿ.ಲೀ.ಗೆ 40 ಮೈಕ್ರೋಗ್ರಾಂ ಇದೆ ಎಂದು ಇಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಅಂಥ ಅನಿಲ ಬರೀ 3 ಮಿ.ಲೀ. ಬೆರೆತರೂ ಆ ಮಟ್ಟ ದಾಟಿಹೋಗುತ್ತದೆ. ಅಂದರೆ ಯಂತ್ರದ ಕೊಳವೆಯಿಂದ ಸ್ವಲ್ಪ ಸೋರಿದರೂ, ಮೊದಲೇ ಶ್ವಾಸಕೋಶ ಸೊರಗಿರುವ ರೋಗಿಗೆ ತೊಂದರೆ ತಪ್ಪಿದ್ದಲ್ಲ.

ಹಾಗಾದರೆ ಚಿಕಿತ್ಸೆಗೆ ಏಕೆ ಬಳಸುತ್ತಾರೆ?

ಓಝೋನ್ ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದು ನಿಜ. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದಲೇ ಕುಡಿಯುವ ನೀರನ್ನು ಶುದ್ಧ ಮಾಡಲು ಓಝೋನ್ ಬಳಸಿದರು. ಇಂದು ನಮ್ಮಲ್ಲಿ ಮಾರುವ ಬಾಟಲಿ ನೀರಿನ ಚೀಟಿಯ ಮೇಲೂ ಓಝೋನಿನಿಂದ ಶುದ್ಧಗೊಳಿಸಿದ್ದು ಎಂದು ಅನೇಕ ಕಂಪನಿಗಳು ಮುದ್ರಿಸುತ್ತವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಕೊಳೆತ ಗಾಯಗಳಿಗೂ ಇದನ್ನು ಹಾಯಿಸಿ ನೋಡಿದ್ದುಂಟು. ಆಗ ಪೆನಿಸಿಲಿನ್ ಇರಲಿಲ್ಲ.

ನೀರಿನಲ್ಲಿರುವ ವೈರಾಣುವನ್ನು ಕೊಲ್ಲುವುದಾದರೆ ಮೈಯಲ್ಲಿರುವುದನ್ನೂ ಕೊಲ್ಲುತ್ತದಲ್ಲ ಎಂದು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ಬಾಟಲಿಯ ನೀರಿನಲ್ಲಿ ವೈರಾಣು ಒಂಟಿಯಾಗಿರುತ್ತದೆ. ನಮ್ಮ ದೇಹದಲ್ಲಿ ಅದು ಶ್ವಾಸಕೋಶದ ಜೀವಕೋಶಗಳ ಒಳಗೆ ಸೇರಿಕೊಂಡಿರುತ್ತದೆ. ಓಝೋನಿಗೆ ವೈರಾಣು ಯಾವುದು, ನಮ್ಮ ಜೀವಕೋಶ ಯಾವುದು ಎಂಬ ಭೇದ ತಿಳಿಯದು. ಅದು ಎರಡನ್ನೂ ಸುಡುತ್ತದೆ. ಬ್ಲೀಚಿಂಗ್ ಪುಡಿ ಬಾವಿ ನೀರಿಗೆ ಒಳ್ಳೆಯದೆಂದು ಯಾರೂ ಅದನ್ನು ಚಮಚದಲ್ಲಿ ನುಂಗುವುದಿಲ್ಲ.

ಇನ್ನೊಂದು ಸಂಗತಿ. ರಕ್ತಕ್ಕೆ ಬೆರೆಸಿದ ಓಝೋನ್ ಬಹಳ ಹೊತ್ತು ಉಳಿಯುವುದೇ ಇಲ್ಲ. ರಕ್ತದಲ್ಲಿರುವ ಸಿ ಜೀವಸತ್ವ, ಯೂರಿಕ್ ಆಮ್ಲ, ಅಲ್ಬುಮಿನ್ ಮುಂತಾದವು ಅದನ್ನು ಕೂಡಲೇ ಹೀರಿಕೊಂಡು ಮುಗಿಸಿಬಿಡುತ್ತವೆ. ಆದ್ದರಿಂದ ಓಝೋನ್ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ಅಲ್ಲಿ ವೈರಾಣುವನ್ನು ಕೊಲ್ಲುತ್ತದೆ ಎನ್ನುವುದು ಸರಿಯಲ್ಲ.

ಈ ಚಿಕಿತ್ಸೆಯ ಪರವಾಗಿರುವ ವೈದ್ಯರು ಬೇರೊಂದು ವಾದ ಮುಂದಿಡುತ್ತಾರೆ. ಅತಿ ಸ್ವಲ್ಪ ಓಝೋನ್ ದೇಹಕ್ಕೆ ಒಂದು ಸಣ್ಣ ಪೆಟ್ಟು ಕೊಡುತ್ತದೆ, ಆ ಪೆಟ್ಟಿನಿಂದ ಎಚ್ಚೆತ್ತ ದೇಹ ತನ್ನ ರಕ್ಷಣಾ ವಸ್ತುಗಳನ್ನು ಹೆಚ್ಚು ತಯಾರಿಸುತ್ತದೆ, ಉರಿಯೂತ ಇಳಿಯುತ್ತದೆ ಎಂಬುದು ಅವರ ಮಾತು. ಪ್ರಯೋಗಾಲಯದಲ್ಲಿ ಇದಕ್ಕೆ ಕೆಲವು ಸುಳಿವುಗಳು ಸಿಕ್ಕಿವೆ. ಆದರೆ ಪ್ರಯೋಗಾಲಯದ ಸುಳಿವು ಬೇರೆ, ಹಾಸಿಗೆಯಲ್ಲಿ ಮಲಗಿರುವ ರೋಗಿ ಗುಣವಾಗುವುದು ಬೇರೆ.

ಹೇಗೆ ಕೊಡುತ್ತಾರೆ?

ಮುಖ್ಯವಾಗಿ ಮೂರು ವಿಧಾನಗಳಿವೆ.

1. ರೋಗಿಯ ರಕ್ತನಾಳದಿಂದ ಸುಮಾರು 100ರಿಂದ 200 ಮಿ.ಲೀ. ರಕ್ತವನ್ನು ಹೆಪ್ಪುಗಟ್ಟದ ಔಷಧಿ ಇರುವ ಬಾಟಲಿಗೆ ತೆಗೆದು, ಅದಕ್ಕೆ ಓಝೋನ್ ಬೆರೆತ ಆಮ್ಲಜನಕವನ್ನು ಸೇರಿಸಿ, ಮೆಲ್ಲಗೆ ಅಲ್ಲಾಡಿಸಿ, ಅದೇ ರಕ್ತವನ್ನು ಮತ್ತೆ ಅದೇ ರೋಗಿಗೆ ಏರಿಸುವುದು. ಈ ಮಿಶ್ರಣದಲ್ಲಿ ಶೇ. 95ಕ್ಕಿಂತ ಹೆಚ್ಚು ಆಮ್ಲಜನಕವೇ ಇರುತ್ತದೆ.

2. ತೆಳುವಾದ ನಳಿಕೆಯಿಂದ ಗುದದ್ವಾರದ ಮೂಲಕ ಅನಿಲವನ್ನು ಕರುಳಿಗೆ ಬಿಡುವುದು.

3. ಸಲೈನಿನಲ್ಲಿ ಓಝೋನ್ ಹಾಯಿಸಿ ಅದನ್ನು ಏರಿಸುವುದು, ಅಥವಾ ಸ್ವಲ್ಪ ರಕ್ತಕ್ಕೆ ಬೆರೆಸಿ ಸೊಂಟದ ಸ್ನಾಯುವಿಗೆ ಚುಚ್ಚುವುದು.

ಅನಿಲವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚುವುದು ಅತ್ಯಂತ ಅಪಾಯಕರ. ಅನಿಲದ ಗುಳ್ಳೆಗಳು ಹೃದಯಕ್ಕೆ, ಶ್ವಾಸಕೋಶಕ್ಕೆ, ಮೆದುಳಿಗೆ ಹೋಗಿ ರಕ್ತದ ಹರಿವನ್ನೇ ತಡೆಯಬಹುದು. ಓಝೋನ್ ಚುಚ್ಚಿದ ನಂತರ ಹೀಗೆ ಪಾರ್ಶ್ವವಾಯು ಹೊಡೆದದ್ದು, ಸಾವು ಸಂಭವಿಸಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ.

ಪರೀಕ್ಷೆಗಳು ಏನು ಹೇಳಿವೆ?

2020ರಲ್ಲಿ ಕೋವಿಡ್ ಹರಡಿದಾಗ ಇಟಲಿ, ಸ್ಪೇನ್, ಚೀನಾ, ಭಾರತ ಮುಂತಾದ ದೇಶಗಳಲ್ಲಿ ಕೆಲವು ವೈದ್ಯರು ಸಾಮಾನ್ಯ ಚಿಕಿತ್ಸೆಯ ಜೊತೆಗೆ ಓಝೋನನ್ನೂ ಕೊಟ್ಟು ನೋಡಿದರು. ಇಟಲಿಯ ರೋಮ್ ನಗರದಲ್ಲಿ ಕೋವಿಡ್ ನ್ಯುಮೋನಿಯಾ ಇದ್ದ 28 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಓಝೋನ್ ಬೆರೆಸಿದ ರಕ್ತ ಏರಿಸಿದರು. ಎರಡು ಗುಂಪುಗಳ ನಡುವೆ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲಿ ಸೌಮ್ಯ ಹಾಗೂ ಮಧ್ಯಮ ಕೋವಿಡ್ ಇದ್ದ 60 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಓಝೋನ್ ಪಡೆದವರು ಬೇಗ ಚೇತರಿಸಿಕೊಂಡರೆಂದು ಅದನ್ನು ನಡೆಸಿದವರು ಬರೆದರು. ಆದರೆ 60 ಮಂದಿಯ ಅಧ್ಯಯನ ಬಹಳ ಚಿಕ್ಕದು. ಸೌಮ್ಯ ಕಾಯಿಲೆ ಇದ್ದವರಲ್ಲಿ ಹೆಚ್ಚಿನವರು ಯಾವ ವಿಶೇಷ ಚಿಕಿತ್ಸೆ ಇಲ್ಲದೆಯೂ ಗುಣವಾಗುತ್ತಾರೆ. ಇಂಥ ಅಧ್ಯಯನದಿಂದ ಪ್ರಾಣ ಉಳಿಯುತ್ತದೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ.

"ನಮ್ಮ ಪರಿಚಯದವರಿಗೆ ಓಝೋನ್ ಕೊಟ್ಟ ಮರುದಿನವೇ ಜ್ವರ ಬಿಟ್ಟಿತು" ಎಂದು ಕೆಲವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೊತ್ತಿಗೆ ಆ ರೋಗಿಗೆ ಆಮ್ಲಜನಕ, ಸ್ಟೆರಾಯ್ಡ್, ಸಲೈನ್ ಎಲ್ಲವೂ ಸಿಕ್ಕಿರುತ್ತದೆ. ಕಾಯಿಲೆಯೂ ತನ್ನ ದಿನ ಮುಗಿಸಿ ಇಳಿಯುವ ಹಂತಕ್ಕೆ ಬಂದಿರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಇಂಥದಕ್ಕೇ ಇದೆ. ಟೊಂಗೆ ಮುರಿದದ್ದು ಕಾಗೆಯಿಂದಲೋ ಅಲ್ಲವೋ ತಿಳಿಯಲು ದೊಡ್ಡ ಪರೀಕ್ಷೆಯೇ ಬೇಕು.

ಇಂಥ ದೊಡ್ಡ ಪರೀಕ್ಷೆಗಳು ಏನು ಮಾಡಬಲ್ಲವು ಎಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡಿ.

ಮೊದಲನೆಯದು ಪ್ಲಾಸ್ಮಾ. ಕೋವಿಡ್‌ನಿಂದ ಗುಣವಾದವರ ರಕ್ತದ ಪ್ಲಾಸ್ಮಾ ಏರಿಸಿದರೆ ಪ್ರಾಣ ಉಳಿಯುತ್ತದೆಂದು 2020ರಲ್ಲಿ ಎಲ್ಲರೂ ನಂಬಿದ್ದರು. ಸಂಬಂಧಿಕರು ದಾನಿಗಳಿಗಾಗಿ ಊರೂರು ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿತು. ಕಾಯಿಲೆ ತೀವ್ರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18. ಅಂದರೆ ಪ್ರಯೋಜನವಾಗಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ರಾಷ್ಟ್ರೀಯ ಮಾರ್ಗಸೂಚಿಯಿಂದ ತೆಗೆದುಹಾಕಲಾಯಿತು.

ಎರಡನೆಯದು ಡೆಕ್ಸಾಮೆಥಸೋನ್. ಇದು ಬಹಳ ಹಳೆಯ, ಅಗ್ಗದ ಸ್ಟೆರಾಯ್ಡ್ ಔಷಧಿ. ಬ್ರಿಟನ್ನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ಮೇಲೆ ಪರೀಕ್ಷಿಸಿ 2020ರ ಜೂನ್‌ನಲ್ಲಿ ಫಲಿತಾಂಶ ತಿಳಿಸಿದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು. ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೂ ಹೀಗೆ ತಿಳಿಯಿತು.

ಓಝೋನಿಗೆ ಇಷ್ಟು ದೊಡ್ಡ ಪರೀಕ್ಷೆಯ ಆಧಾರವಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದಕ್ಕೆ ಸ್ಥಾನ ಸಿಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮಗಳು ಓಝೋನನ್ನು ವಿಷಕಾರಿ ಅನಿಲವೆಂದೂ, ಮುಖ್ಯ ಚಿಕಿತ್ಸೆಯಾಗಲಿ, ಜೊತೆ ಚಿಕಿತ್ಸೆಯಾಗಲಿ, ರೋಗ ತಡೆಯಲಾಗಲಿ ಅದರ ಉಪಯೋಗ ತಿಳಿದುಬಂದಿಲ್ಲವೆಂದೂ ಹೇಳುತ್ತವೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಓಝೋನ್ ಮದ್ದೆಂದು ಪ್ರಚಾರ ಮಾಡುತ್ತಿದ್ದ ಡಲ್ಲಾಸ್ ನಗರದ ಒಂದು ಕೇಂದ್ರವನ್ನು ಅಲ್ಲಿನ ಸರ್ಕಾರ ನ್ಯಾಯಾಲಯದ ಮೂಲಕ ತಡೆಯಿತು.

ಯಾರಿಗೆ ಹೆಚ್ಚು ಅಪಾಯ?

- ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು. ಇದು ಹುಟ್ಟಿನಿಂದ ಬರುವ ಕೊರತೆ, ಅನೇಕರಿಗೆ ತಮಗಿರುವುದೇ ಗೊತ್ತಿರುವುದಿಲ್ಲ. ಇಂಥವರಿಗೆ ಓಝೋನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಉಂಟಾಗಬಹುದು.
- ಗರ್ಭಿಣಿಯರು.
- ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವವರು.
- ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು.
- ತೀವ್ರ ರಕ್ತಹೀನತೆ ಇರುವವರು, ಇತ್ತೀಚೆಗೆ ಹೃದಯಾಘಾತವಾದವರು.

ಇದಲ್ಲದೆ ರಕ್ತವನ್ನು ಹೊರತೆಗೆದು ಮತ್ತೆ ಏರಿಸುವಾಗ ಸೂಜಿ, ಬಾಟಲಿ, ಕೊಳವೆ ಪ್ರತಿ ರೋಗಿಗೂ ಹೊಸದಾಗಿರಬೇಕು. ಈ ಶುಚಿತ್ವ ತಪ್ಪಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಅಂಟುವ ಭಯವಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ: ಹೊತ್ತು ಕಳೆಯುವುದು

ಉಸಿರಾಟದ ತೊಂದರೆ ಇರುವ ರೋಗಿಯನ್ನು ಓಝೋನಿಗಾಗಿ ಬೇರೆ ಊರಿಗೆ ಕಾರಿನಲ್ಲಿ ಕರೆದೊಯ್ಯುವುದು, ಅಲ್ಲಿ ಸರದಿಯಲ್ಲಿ ಕೂಡಿಸುವುದು, ಆ ಹೊತ್ತಿನಲ್ಲಿ ಆಮ್ಲಜನಕ ತಪ್ಪುವುದು: ಇದರಿಂದಲೇ ಪ್ರಾಣಕ್ಕೆ ಕುತ್ತು ಬರಬಹುದು. ಜೊತೆ ಚಿಕಿತ್ಸೆ ಎಂದು ಶುರುವಾದದ್ದು ಮುಖ್ಯ ಚಿಕಿತ್ಸೆಯನ್ನೇ ಬದಿಗೆ ತಳ್ಳಬಾರದು. ಹಣದ ಮಾತೂ ಇದೆ. ಹೊಲ ಅಡವಿಟ್ಟು, ಬಂಗಾರ ಒತ್ತೆಯಿಟ್ಟು ತಂದ ಹಣ, ಲಾಭ ಖಚಿತವಿಲ್ಲದ ಚಿಕಿತ್ಸೆಗೆ ಹೋದರೆ, ನಾಳೆ ರೋಗಿಗೆ ನಿಜವಾಗಿ ಬೇಕಾದ ಔಷಧಿಗೆ, ಹಾಲು-ಮೊಟ್ಟೆಗೆ, ಮರುತಪಾಸಣೆಯ ಬಸ್ ಚಾರ್ಜಿಗೆ ಎಲ್ಲಿಂದ ತರುವುದು?

ಮನೆಯಲ್ಲಿ ಗಾಳಿ ಶುದ್ಧ ಮಾಡುತ್ತದೆಂದು ಮಾರುವ ಓಝೋನ್ ಯಂತ್ರಗಳನ್ನು ರೋಗಿ ಇರುವ ಕೋಣೆಯಲ್ಲಿ ಹಚ್ಚಲೇಬೇಡಿ. ಅದಕ್ಕಿಂತ ಕಿಟಕಿ ತೆರೆದಿಡುವುದು ಉತ್ತಮ, ಖರ್ಚೂ ಇಲ್ಲ.

ರೋಗಿಗೆ ನಿಜವಾಗಿ ನೆರವಾಗುವುದು ಯಾವುದು?

1. ಆಮ್ಲಜನಕ: ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅಂಕಿ 94ಕ್ಕಿಂತ ಕೆಳಗಿಳಿದರೆ ಕೂಡಲೇ ತಿಳಿಸಿ. 90ಕ್ಕಿಂತ ಕಡಿಮೆಯಾದರೆ ಸ್ಥಿತಿ ತೀವ್ರವೆಂದು ಅರ್ಥ. ಬಹುಕಾಲದ ದಮ್ಮಿನ ಕಾಯಿಲೆ ಇರುವ ಕೆಲವರಿಗೆ ವೈದ್ಯರು 88ರಿಂದ 92ರ ನಡುವೆ ಇಡಲು ಹೇಳುತ್ತಾರೆ. ಆದ್ದರಿಂದ ನೀವೇ ಆಮ್ಲಜನಕದ ಗುಂಡಿ ತಿರುಗಿಸಬೇಡಿ. ಬೆರಳಿಗೆ ಮೆಹಂದಿ, ಉಗುರುಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ತಪ್ಪಾಗಿ ಬರಬಹುದು.

2. ಮಾಸ್ಕ್ ತೆಗೆಯಬೇಡಿ: ಊಟಕ್ಕೆ, ಶೌಚಕ್ಕೆ, ಫೋನಿನಲ್ಲಿ ಮಾತಾಡಲು ಎಂದು ಆಗಾಗ ಮಾಸ್ಕ್ ತೆಗೆಯುವುದರಿಂದ ಅಂಕಿ ಇಳಿಯುತ್ತದೆ. ಊಟದ ಹೊತ್ತಿಗೆ ಮೂಗಿನ ನಳಿಕೆ ಹಾಕಿಕೊಡಲು ಸಿಸ್ಟರಿಗೆ ಹೇಳಿ. ಆಮ್ಲಜನಕದ ಹತ್ತಿರ ಬೀಡಿ, ಊದಿನಕಡ್ಡಿ, ದೀಪ, ಕರ್ಪೂರ ಹಚ್ಚಬಾರದು. ಬೆಂಕಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ.

3. ಬೋರಲು ಮಲಗುವುದು: ವೈದ್ಯರು ಹೇಳಿದರೆ ಹೊಟ್ಟೆಯ ಮೇಲೆ ಮಲಗಿಸಿ. ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಂಡು ಆಮ್ಲಜನಕದ ಅಂಕಿ ಏರಬಹುದು. ಊಟವಾದ ಕೂಡಲೇ ಬೇಡ. ಗರ್ಭಿಣಿಯರು, ಬೆನ್ನುಮೂಳೆ ಮುರಿದವರು ಕೇಳದೆ ಮಾಡಬಾರದು.

4. ಸರಿಯಾದ ಔಷಧಿ ಸರಿಯಾದ ಹೊತ್ತಿಗೆ: ಫ್ಲೂ ಕಾಯಿಲೆಗೆ ಒಸೆಲ್ಟಾಮಿವಿರ್ ಔಷಧಿ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಲಾಭ ಹೆಚ್ಚು. ಸ್ಟೆರಾಯ್ಡನ್ನು ವೈದ್ಯರು ಹೇಳಿದವರಿಗೆ ಮಾತ್ರ ಕೊಡಬೇಕು, ಅಂಗಡಿಯಿಂದ ತಂದು ನುಂಗಬಾರದು. ಅದರಿಂದ ಸಕ್ಕರೆ ಏರುತ್ತದೆ. ಆಂಟಿಬಯೋಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

5. ಉಸಿರು ಎಣಿಸುವುದು: ರೋಗಿಗೆ ತಿಳಿಯದಂತೆ ಎದೆಯ ಏರಿಳಿತ ನೋಡಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 24 ಅಥವಾ ಹೆಚ್ಚಿದ್ದರೆ ತಿಳಿಸಬೇಕು. 30 ದಾಟಿದರೆ ತಡಮಾಡಬಾರದು. ಇದಕ್ಕೆ ಯಂತ್ರ ಬೇಡ, ಗಡಿಯಾರ ಸಾಕು.

6. ತಡೆಗಟ್ಟುವುದು: ವಯಸ್ಸಾದವರಿಗೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ.

ಯಾರಾದರೂ ಓಝೋನ್ ಮಾಡಿಸಿ ಎಂದರೆ ಕೇಳಬೇಕಾದ ಪ್ರಶ್ನೆಗಳು

- ಇದನ್ನು ಕೊಡುವವರು ಯಾರು? ಅವರ ವೈದ್ಯಕೀಯ ಪದವಿ ಯಾವುದು?
- ಯಾವ ವಿಧಾನದಲ್ಲಿ, ಎಷ್ಟು ಸಲ ಕೊಡುತ್ತೀರಿ? ಒಟ್ಟು ಖರ್ಚು ಎಷ್ಟು? ರಸೀದಿ ಕೊಡುತ್ತೀರಾ?
- ಜಿ6ಪಿಡಿ ಪರೀಕ್ಷೆ ಮಾಡಿದ್ದೀರಾ?
- ತೊಂದರೆಯಾದರೆ ಅಲ್ಲಿ ಆಮ್ಲಜನಕ, ತುರ್ತು ಚಿಕಿತ್ಸೆ ಇದೆಯೇ?
- ಈಗ ನಡೆಯುತ್ತಿರುವ ಔಷಧಿಗಳನ್ನು ನಿಲ್ಲಿಸಲು ಹೇಳುತ್ತೀರಾ? ಹೌದೆಂದರೆ ಅಲ್ಲಿಂದ ಎದ್ದು ಬನ್ನಿ.
- ಇದು ಸಂಶೋಧನೆಯ ಭಾಗವೇ? ಹಾಗಿದ್ದರೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ದೇಶದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿರಬೇಕು, ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಒಲ್ಲೆ ಎನ್ನುವ ಹಕ್ಕು ರೋಗಿಗೆ ಯಾವಾಗಲೂ ಇದೆ.

ಈಗಾಗಲೇ ಓಝೋನ್ ಮಾಡಿಸಿದ್ದರೆ

ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ. ಯಾವ ದಿನ, ಯಾವ ವಿಧಾನದಲ್ಲಿ ಕೊಟ್ಟರು ಎಂಬುದನ್ನು ವೈದ್ಯರಿಗೆ ಹೇಳಿ, ಚೀಟಿ ಇದ್ದರೆ ತೋರಿಸಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ, ಕಣ್ಣು ಹಳದಿಯಾದರೆ, ಎದೆನೋವು, ಹೊಸ ಕೆಮ್ಮು, ಕೈಕಾಲು ಬಲಹೀನತೆ, ಮಾತು ತೊದಲುವುದು ಕಂಡರೆ ಕೂಡಲೇ ತಿಳಿಸಿ.

ನೆನಪಿಡಿ

- ವಾರ್ಡಿನಲ್ಲಿ ಕೊಡುವ ಆಮ್ಲಜನಕ ಜೀವ ಉಳಿಸುತ್ತದೆ. ಓಝೋನ್ ಆಮ್ಲಜನಕವಲ್ಲ.
- ವೈರಾಣು ಶ್ವಾಸಕೋಶ ಕಾಯಿಲೆಗೆ ಓಝೋನಿನಿಂದ ಪ್ರಾಣ ಉಳಿಯುತ್ತದೆಂದು ಇದುವರೆಗೆ ಸಾಬೀತಾಗಿಲ್ಲ. ಅಪಾಯಗಳು ಮಾತ್ರ ಗೊತ್ತಿವೆ.
- ಮನೆಯಲ್ಲಿರುವ ರೋಗಿಗೆ ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ಮಂಪರು ಬಂದರೆ 108ಕ್ಕೆ ಕರೆ ಮಾಡಿ.
- ರೋಗಿಯನ್ನು ಬೇರೆಡೆಗೆ ಕರೆದೊಯ್ಯುವ ಯೋಚನೆ ಇದ್ದರೆ, ಹೊರಡುವ ಮೊದಲು ವೈದ್ಯರ ಹತ್ತಿರ ಕೂತು ಮಾತಾಡಿ.

ನಿಮ್ಮ ಯಾವ ಪ್ರಶ್ನೆಯೂ ಸಣ್ಣದಲ್ಲ. ಬೆಳಗಿನ ರೌಂಡಿನಲ್ಲಿ ಕೇಳಲು ಸಂಕೋಚವಾದರೆ ವಾರ್ಡಿನ ಸಿಸ್ಟರನ್ನು ಕೇಳಿ. ರಾತ್ರಿ ಪಾಳಿಯಲ್ಲಿಯೂ ಕೇಳಬಹುದು.